ಸೂಜಿಗಿಂತ ಮೊದಲಿನ ಹಾಳೆ

ಕೇಳುಗರಿಗೆ ನಮಸ್ಕಾರ.

ರಕ್ತದಾನ ಶಿಬಿರಕ್ಕೆ ಹೋದವರಿಗೆ ಮೈಲುತುತ್ತದ ನೀಲಿ ನೀರು ನೆನಪಿರಬಹುದು. ಬೆರಳು ಚುಚ್ಚಿ ತೆಗೆದ ಹನಿ ಅದರಲ್ಲಿ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ. ಎಲ್ಲರೂ ಬಗ್ಗಿ ನೋಡುತ್ತಾರೆ. ಆದರೆ ಅದಕ್ಕೂ ಮೊದಲು ಕೈಗೆ ಕೊಟ್ಟ ಪ್ರಶ್ನೆಗಳ ಹಾಳೆಯನ್ನು ಯಾರೂ ಹಾಗೆ ನೋಡುವುದಿಲ್ಲ. ಗೆಳೆಯನ ಬೆನ್ನಿಗೆ ಹಾಳೆ ಒತ್ತಿ ಹಿಡಿದು, ಓದದೆ, ಎಲ್ಲ ಸಾಲಿಗೂ ‘ಇಲ್ಲ’ ಎಂದು ಗೀಚುವವರನ್ನು ರಕ್ತನಿಧಿಯ ಆಪ್ತಸಮಾಲೋಚಕನಾಗಿ ಎಷ್ಟೋ ಸಲ ಕಂಡಿದ್ದೇನೆ.

‘ಹೇಗೂ ಪರೀಕ್ಷೆ ಮಾಡುತ್ತೀರಲ್ಲ ಸಾರ್, ಮತ್ತೆ ಈ ವಿಚಾರಣೆ ಏಕೆ?’ ಎನ್ನುತ್ತಾರೆ. ಮಾಡುತ್ತೇವೆ, ನಿಜ. ನಮ್ಮ ದೇಶದಲ್ಲಿ 1989ರಿಂದ ದಾನದ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯ. ಆದರೆ ಸೋಂಕು ತಗುಲಿದ ಮರುದಿನವೇ ಅದು ಪರೀಕ್ಷೆಗೆ ಸಿಗುವುದಿಲ್ಲ. ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಎಲೈಸಾ ಪರೀಕ್ಷೆಗೆ ಸುಮಾರು ಮೂರು ವಾರ ಬೇಕು. ವೈರಾಣುವಿನ ತಳಿವಸ್ತುವನ್ನೇ ಹುಡುಕುವ ನ್ಯಾಟ್ ಪರೀಕ್ಷೆಗೂ ಹತ್ತು ದಿನವಾದರೂ ಬೇಕು. ಈ ನಡುವಿನ ಕಾಲಕ್ಕೆ ‘ಗವಾಕ್ಷಿ ಅವಧಿ’ ಎಂದು ಹೆಸರು. ಹೆಸರಿಗೆ ಗವಾಕ್ಷಿ, ಇಣುಕಿದರೆ ಏನೂ ಕಾಣಿಸದು! ಆ ದಿನಗಳಲ್ಲಿ ಕೊಟ್ಟ ಒಂದು ಚೀಲ ರಕ್ತ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಟ್ಟು ಮೂವರ ಮೈ ಸೇರಬಹುದು. ಯಂತ್ರಕ್ಕೆ ಕಾಣದ ಅಪಾಯ ಕೊಡುವವನಿಗೆ ಗೊತ್ತಿರುತ್ತದೆ. ಅಸುರಕ್ಷಿತ ಲೈಂಗಿಕ ಸಂಪರ್ಕವಾಗಿತ್ತೇ, ಇನ್ನೊಬ್ಬರು ಬಳಸಿದ ಸೂಜಿ ಚುಚ್ಚಿಸಿಕೊಂಡಿರಾ, ಹಚ್ಚೆ ಹಾಕಿಸಿಕೊಂಡಿರಾ ಎಂದು ನಾವು ಕೇಳುವುದು ಅದಕ್ಕೇ.

ದುಡ್ಡಿಗಾಗಿ ರಕ್ತ ಮಾರುವವನು ಈ ಪ್ರಶ್ನೆಗಳಿಗೆ ನಿಜ ಹೇಳಿಯಾನೇ? ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿಯಿಂದ, ಆ ವ್ಯಾಪಾರಕ್ಕೆ ನಿಷೇಧ ಬಿತ್ತು. ಈಗ ನನಗೆ ಹೆಚ್ಚು ಚಿಂತೆ ನೆಂಟರದು. ತಂಗಿಯ ಹೆರಿಗೆಗೆ ರಕ್ತ ಬೇಕು, ಹೊರಗೆ ಮಾವ, ಅತ್ತೆ, ಭಾವ ಎಲ್ಲರೂ ಕಾದು ಕುಳಿತಿದ್ದಾರೆ. ಅಣ್ಣನಾದವನು ‘ನಾನು ಕೊಡಲಾರೆ’ ಎಂದು ಯಾವ ಬಾಯಿಂದ ಹೇಳಬೇಕು? ಅದಕ್ಕಾಗಿಯೇ ನಾವು ಬಾಗಿಲು ಮುಚ್ಚಿ ಒಬ್ಬೊಬ್ಬರನ್ನೇ ಮಾತಾಡಿಸುತ್ತೇವೆ. ಹೊರಗಿನವರಿಗೆ ‘ಇವತ್ತು ಇವರಿಂದ ತೆಗೆದುಕೊಳ್ಳುವುದಿಲ್ಲ’ ಎಂದಷ್ಟೇ ಹೇಳುತ್ತೇವೆ, ಕಾರಣ ಹೇಳುವುದಿಲ್ಲ.

ಇನ್ನು ಕೆಲವರು ತಮಗೆ ಸೋಂಕಿದೆಯೇ ಎಂಬ ಅನುಮಾನ ಬಗೆಹರಿಸಿಕೊಳ್ಳಲೆಂದೇ ರಕ್ತ ಕೊಡಲು ಬರುತ್ತಾರೆ. ದಯವಿಟ್ಟು ಬೇಡ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ, ಗುಟ್ಟೂ ಉಳಿಯುತ್ತದೆ.

ಮೊನ್ನೆ ಕಾಲೇಜಿನ ಶಿಬಿರವೊಂದರಲ್ಲಿ ಒಬ್ಬ ಹುಡುಗ ಹಾಳೆ ಕೊಟ್ಟು ಹೋದವನು, ಸರದಿ ಬರುವ ಮೊದಲೇ ತಿರುಗಿ ಬಂದು ಮೇಜಿನ ಪಕ್ಕ ನಿಂತ. ‘ಒಂದು ಸಾಲು ತಿದ್ದಬೇಕಿತ್ತು ಸಾರ್’ ಎಂದ. ನಾನು ಏನೂ ಕೇಳಲಿಲ್ಲ. ಪೆನ್ನು ಕೊಟ್ಟು, ಎದ್ದು ಬಾಗಿಲು ಮುಚ್ಚಿದೆ.