ಸುರತ್ಕಲ್ ಬಂದಾಗ ಸುಮ್ಮನಾಗುವ ನಾವು

ಹೋದ ವಾರ ಅಕ್ಕನ ಮಗನನ್ನು ಕರೆದುಕೊಂಡು ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿದ್ದೆ. ಅವನಿಗೆ 12 ವರ್ಷ. ಬೆಳೆದದ್ದು ಬೆಂಗಳೂರಲ್ಲಿ, ಕಂಡದ್ದನ್ನೆಲ್ಲ ಕೇಳುತ್ತಾನೆ. ಸುರತ್ಕಲ್ ಬೋರ್ಡು ಓದಿ, "ಮಾವ, ಇಲ್ಲಿ ದೊಡ್ಡ ಗಲಾಟೆ ಆಗಿತ್ತಂತೆ, ಹೌದಾ?" ಅಂದ. "ಅದೆಲ್ಲ ಹಳೇದು ಮಾರಾಯ" ಅಂತ ಕಿಟಕಿ ಕಡೆ ತಿರುಗಿದೆ.

ಮುಲ್ಕಿ ಬಂತು ನೋಡಿ, ನನಗೆ ಮಾತು ತಾನಾಗೇ ಬಂತು. ಅಲ್ಲಿನ ಬಪ್ಪನಾಡು ದುರ್ಗೆಯ ದೇವಸ್ಥಾನದ ಕತೆ ಶುರು ಮಾಡಿದೆ. ಬಪ್ಪ ಬ್ಯಾರಿ ಅಂತ ಒಬ್ಬ ಮುಸ್ಲಿಂ ವ್ಯಾಪಾರಿ. ಶಾಂಭವಿ ಹೊಳೆಯಲ್ಲಿ ಅವನ ದೋಣಿ ನಿಂತುಬಿಟ್ಟಿತು. ರಾತ್ರಿ ಕನಸಲ್ಲಿ ದುರ್ಗೆ ಬಂದಳು. ಅವನು ಅವಳಿಗೆ ಗುಡಿ ಕಟ್ಟಿಸಿದ. ಇವತ್ತಿಗೂ ಜಾತ್ರೆಯ ಮೊದಲ ಪ್ರಸಾದ ಅವನ ಮನೆತನಕ್ಕೆ. ಹುಡುಗ ಕಣ್ಣರಳಿಸಿ ಕೇಳಿದ. ನನಗೂ ಹೆಮ್ಮೆ.

ಪಡುಬಿದ್ರಿ ದಾಟುವಾಗ ಮನಸ್ಸು ಚುಚ್ಚತೊಡಗಿತು. ನಾವು ಕರಾವಳಿಯವರು ಹೀಗೇ ಅಲ್ವಾ? ಗಲಾಟೆಯ ಮಾತು ಬಂದರೆ ಬಪ್ಪ ಬ್ಯಾರಿಯನ್ನು ಮುಂದೆ ನಿಲ್ಲಿಸುತ್ತೇವೆ. ಆ ಕತೆ ನನಗೆ ಜೀವ. ಆದರೆ 2022ರಲ್ಲಿ ಅದೇ ಬಪ್ಪನಾಡು ಜಾತ್ರೆಗೆ ಮುಸ್ಲಿಂ ವ್ಯಾಪಾರಿಗಳು ಬರಬಾರದು ಅಂತ ಬ್ಯಾನರ್ ಬಿತ್ತು. ಕತೆ ಎಲ್ಲರಿಗೂ ಗೊತ್ತಿದ್ದ ಊರಲ್ಲೇ! 1998ರ ಸುರತ್ಕಲ್‌ನ ಹಿಂದೂ-ಮುಸ್ಲಿಂ ಗಲಭೆ, 2006ರಲ್ಲಿ ಅಂಥದ್ದೇ ಗಲಭೆಗೆ ಮಂಗಳೂರಲ್ಲಿ ಬಿದ್ದ ಕರ್ಫ್ಯೂ, 2008ರಲ್ಲಿ ಚರ್ಚುಗಳ ಮೇಲೆ ನಡೆದ ದಾಳಿ, ಇದನ್ನೆಲ್ಲ ಮಕ್ಕಳಿಗೆ ಮನೆಯವರೇ ಹೇಳಬೇಕು. ನಾವು ಹೇಳದಿದ್ದರೆ ವಾಟ್ಸಾಪ್ ಹೇಳುತ್ತದೆ. ಅರ್ಧ ಮಾತ್ರ. ಯಾರದೋ ಮೇಲೆ ಸಿಟ್ಟು ಬರಲು ಬೇಕಾದಷ್ಟು ಮಾತ್ರ.

ಕಟಪಾಡಿಯಲ್ಲಿ ಒಬ್ಬರು ಅಮ್ಮ ಶಂಕರಪುರ ಮಲ್ಲಿಗೆ ಹಿಡಿದು ಹತ್ತಿದರು. ಬಾಳೆಎಲೆಯಲ್ಲಿ ಸುತ್ತಿದ ದೊಡ್ಡ ಕಟ್ಟು. ಅಲ್ಲಿ ಮಲ್ಲಿಗೆ ಬೆಳೆಯುವವರಲ್ಲಿ ಕ್ರಿಶ್ಚಿಯನ್ ಮನೆಗಳು ಜಾಸ್ತಿ, ಹೂವು ಹೋಗುವುದು ದೇವಸ್ಥಾನಕ್ಕೆ, ನಾಗನಿಗೆ, ಭೂತದ ಕೋಲಕ್ಕೆ. ಅದನ್ನೂ ಹೇಳಲು ಬಾಯಿ ತೆರೆದೆ. ಸುಮ್ಮನಾದೆ. ಮೊದಲು ಅವನು ಕೇಳಿದ್ದಕ್ಕೆ ಉತ್ತರ ಕೊಡಬೇಕಿತ್ತು.

"ನೀನು ಆಗ ಕೇಳಿದೆಯಲ್ಲ, ಹೌದು, ಆಗಿತ್ತು" ಅಂದೆ. "ಡಿಸೆಂಬರ್ ತಿಂಗಳು. ಜನ ಸತ್ತಿದ್ದರು. ನಾನಾಗ ಏಳನೇ ಕ್ಲಾಸು. ಶಾಲೆಗೆ ರಜೆ ಅಂತ ಖುಷಿಪಟ್ಟಿದ್ದೆ. ಮತ್ತೆ ಶಾಲೆ ಶುರುವಾದಾಗ ನನ್ನ ಪಕ್ಕ ಕೂರುವ ಹುಡುಗ ಬರಲಿಲ್ಲ. ಅವರ ಮನೆಯವರು ಊರು ಬಿಟ್ಟಿದ್ದರು."

"ಎಲ್ಲಿಗೆ ಹೋದ ಮಾವ?"

"ನಾನು ಯಾರ ಹತ್ತಿರವೂ ಕೇಳಲಿಲ್ಲ."