ಬಂಡೆಯ ಆಚೆಯ ದನಿ

ಕೇಳುಗರೇ, ನಮಸ್ಕಾರ. ಮನೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿದ್ದರೆ ರೇಡಿಯೋ ಹತ್ತಿರಕ್ಕೆ ಕರೆಯಿರಿ. ಕೈಯಲ್ಲಿ ಪೆನ್ನು, ಹಾಳೆ ಇರಲಿ. ಒಂದಷ್ಟು ಅಂಕಿಗಳು ಬರುತ್ತವೆ.

ಚಿತ್ರದುರ್ಗದ ಕೋಟೆ ಹತ್ತುವಾಗ ಜೊತೆಯವರು ಯಾವುದೋ ಬಂಡೆಯ ಆಚೆಗೆ ಸರಿದಿರುತ್ತಾರೆ. ಆಳು ಕಾಣುವುದಿಲ್ಲ, ಮಾತು ಕೇಳುತ್ತದೆ. ದನಿಯೂ ಅಲೆ, ಬೆಳಕೂ ಅಲೆ ಎಂದು ಪಾಠದಲ್ಲಿದೆ. ಹಾಗಾದರೆ ಒಂದು ಬಂಡೆಯನ್ನು ಬಳಸಿ ಬರುತ್ತದೆ, ಇನ್ನೊಂದು ಬರುವುದಿಲ್ಲ, ಯಾಕೆ?

ಉತ್ತರ ಇರುವುದು ತರಂಗದೂರದಲ್ಲಿ, ಅಂದರೆ ಒಂದು ಅಲೆಯ ಉದ್ದದಲ್ಲಿ. ವೇಗವನ್ನು ಆವೃತ್ತಿಯಿಂದ, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬ ಎಣಿಕೆಯಿಂದ, ಭಾಗಿಸಿದರೆ ಅದು ಸಿಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. 200 ಹರ್ಟ್ಸ್‌ನ ದನಿಗೆ ತರಂಗದೂರ ಹೆಚ್ಚುಕಡಿಮೆ ಒಂದೂಮುಕ್ಕಾಲು ಮೀಟರ್, ಅಂದರೆ ಒಂದಾಳೆತ್ತರ. ಎರಡು ಮೂರು ಮೀಟರಿನ ಬಂಡೆ ಅದಕ್ಕೆ ದೊಡ್ಡ ಅಡ್ಡಿಯಲ್ಲ, ಅಂಚಿನಲ್ಲಿ ಬಾಗಿ ಆಚೆಗೆ ಹರಡುತ್ತದೆ. ಇದೇ ವಿವರ್ತನೆ. ಹಸಿರು ಬೆಳಕಿನ ಅಲೆಗಳಾದರೆ ಒಂದು ಮಿಲಿಮೀಟರಿನೊಳಗೆ ಎರಡು ಸಾವಿರದಷ್ಟು ಹಿಡಿಸುತ್ತವೆ. ಅಷ್ಟು ಕಿರಿದಾದ ಅಲೆಗೆ ಬಂಡೆಯ ಅಂಚಿನಲ್ಲಿ ಆಗುವ ಬಾಗು ಕಣ್ಣಿಗೆ ನಿಲುಕುವುದೇ ಇಲ್ಲ, ನೆರಳು ಗೆರೆ ಕೊರೆದಂತೆ ಬೀಳುತ್ತದೆ. ಕೋಟೆಯಲ್ಲಿ ಎದುರು ಬಂಡೆಗೆ ಬಡಿದು ಮರಳುವ ದನಿಯೂ ಸ್ವಲ್ಪ ಸೇರಿಕೊಳ್ಳುತ್ತದೆ, ಅದನ್ನು ಮರೆಯುವಂತಿಲ್ಲ. ಆದರೂ ಆಚೆ ನಿಂತವರು ಶಿಳ್ಳೆ ಹೊಡೆದರೆ ಅದು ಮಾತಿಗಿಂತ ಬೇಗ ಸೊರಗುತ್ತದೆ. 3,500 ಹರ್ಟ್ಸ್‌ನ ಶಿಳ್ಳೆಯ ತರಂಗದೂರ ಹತ್ತು ಸೆಂಟಿಮೀಟರ್ ಅಷ್ಟೆ.

ರೇಡಿಯೋ ಅಲೆಗೂ ಇದೇ ಲೆಕ್ಕ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಉತ್ತರ ನೇರ ಮೀಟರಿನಲ್ಲಿ ಬರುತ್ತದೆ. ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ 102.6 ಮೆಗಾಹರ್ಟ್ಸ್. ತರಂಗದೂರ 2.92 ಮೀಟರ್. ಬೆಂಗಳೂರಿನ ಮೀಡಿಯಂ ವೇವ್ 612 ಕಿಲೋಹರ್ಟ್ಸ್, ಅಂದರೆ 490 ಮೀಟರ್. ಮೀಡಿಯಂ ವೇವ್ ಗುಡ್ಡಗಳನ್ನು ಬಳಸಿ ಬರುತ್ತದೆ, ಎಫ್‌ಎಂ ಗುಡ್ಡದ ಮರೆಯಲ್ಲಿ ಬುಸುಗುಡುತ್ತದೆ. ಹಾಗೆ ಬುಸುಗುಟ್ಟಿದಾಗ ರೇಡಿಯೋಗೆ ಬಡಿಯುವ ಮೊದಲು ಮುಕ್ಕಾಲು ಮೀಟರ್ ಪಕ್ಕಕ್ಕೆ ಸರಿಸಿ ನೋಡಿ. ನೇರ ಬಂದ ಅಲೆಯೂ ಗೋಡೆಗೆ ಬಡಿದು ಮರಳಿದ ಅಲೆಯೂ ಒಂದನ್ನೊಂದು ಅಳಿಸುವ ಜಾಗದಿಂದ ಕೂಡಿಕೊಳ್ಳುವ ಜಾಗಕ್ಕೆ ಸುಮಾರು ಕಾಲು ತರಂಗದೂರ, 73 ಸೆಂಟಿಮೀಟರ್. ಆಂಟೆನಾ ಕಡ್ಡಿಯನ್ನೂ ಅಷ್ಟೇ ಉದ್ದಕ್ಕೆ ಎಳೆಯುವುದು ಒಳ್ಳೆಯದು.

ಇನ್ನು ಶಬ್ದದ ವೇಗವನ್ನು ನಾವೇ ಅಳೆಯುವ ಕೆಲಸ. ಅಗಲವಾದ ಬಂಡೆ ಅಥವಾ ಎತ್ತರದ ಗೋಡೆಯಿಂದ 85 ಮೀಟರ್ ದೂರವನ್ನು ಟೇಪು ಹಿಡಿದೇ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಎರಡು ಮರದ ಪಟ್ಟಿಗಳನ್ನು ಬಡಿಯಿರಿ, ಚಪ್ಪಾಳೆಗಿಂತ ಸದ್ದು ಚುರುಕು. ಪ್ರತಿಧ್ವನಿ ಬರುವ ಕ್ಷಣಕ್ಕೇ ಮುಂದಿನ ಬಡಿತ ಬೀಳಬೇಕು. ತಾಳ ಕೂಡಿದಾಗ ಪ್ರತಿಧ್ವನಿ ಬಡಿತದಲ್ಲಿ ಮುಚ್ಚಿಹೋಗುತ್ತದೆ. ಆಗ ಜೊತೆಯವರು ಸ್ಟಾಪ್‌ವಾಚ್ ಒತ್ತಿ ‘ಸೊನ್ನೆ’ ಎಂದು ಎಣಿಕೆ ಶುರುಮಾಡಲಿ, ಇಪ್ಪತ್ತಕ್ಕೆ ನಿಲ್ಲಿಸಲಿ. ಇಪ್ಪತ್ತು ಸಲ ಹೋಗಿಬಂದ ದೂರ 3,400 ಮೀಟರ್. 30 ಡಿಗ್ರಿಯಲ್ಲಿ 9.7 ಸೆಕೆಂಡ್ ಬರಬೇಕು.

ಎಡವುವುದು ಎಣಿಕೆಯಲ್ಲೇ. ಮೊದಲ ಬಡಿತಕ್ಕೆ ‘ಒಂದು’ ಎಂದುಬಿಟ್ಟರೆ ಆಗಿರುವುದು ಹತ್ತೊಂಬತ್ತೇ ಅಂತರ, ವೇಗ 367ಕ್ಕೆ ಏರುತ್ತದೆ. 50 ಮೀಟರಿನಲ್ಲಿ ನಿಂತರೆ ಸೆಕೆಂಡಿಗೆ ಮೂರೂವರೆ ಬಡಿತ ಬೇಕು, ಕೈ ತಾಳ ತಪ್ಪುತ್ತದೆ. ಗಾಳಿ ಬೀಸುತ್ತಿದ್ದರೆ ಅಷ್ಟೇನೂ ಚಿಂತೆಯಿಲ್ಲ. ಹೋಗುವಾಗ ಕೂಡಿದ್ದು ಬರುವಾಗ ಹೆಚ್ಚುಕಡಿಮೆ ಕಳೆಯುತ್ತದೆ. ಉಷ್ಣತೆ ಮಾತ್ರ ಬರೆದಿಟ್ಟುಕೊಳ್ಳಿ: 331ಕ್ಕೆ, ಡಿಗ್ರಿಯನ್ನು 0.6ರಿಂದ ಗುಣಿಸಿ ಕೂಡಿಸಿ. ಲೆಕ್ಕಗಳಲ್ಲಿ ಕೊಡುವ 340 ಸರಿಹೊಂದುವುದು 15 ಡಿಗ್ರಿಗೆ. ನಮ್ಮೂರ ಏಪ್ರಿಲ್ ಮಧ್ಯಾಹ್ನಕ್ಕೆ ಅದನ್ನು ಹಾಕಿದರೆ ನಿಮ್ಮ ಸರಿಯಾದ ಅಳತೆಯೇ ತಪ್ಪಾಗಿ ಕಾಣುತ್ತದೆ.

ಬೆಳಕು ಬಾಗುವುದನ್ನು ನೋಡಬೇಕಾದರೆ ಅದರ ಅಳತೆಗೆ ತಕ್ಕ ಅಡ್ಡಿ ಬೇಕು. ಅದು ಹಳೆಯ ಸಿಡಿಯಲ್ಲಿದೆ. ಸಿಡಿಯ ಸಾಲುಗಳ ನಡುವಿನ ಅಂತರ 1,600 ನ್ಯಾನೋಮೀಟರ್, ಕೆಂಪು ಲೇಸರ್‌ನ ತರಂಗದೂರ 650ರ ಆಸುಪಾಸು. ಸಿಡಿಯನ್ನು ನೆಟ್ಟಗೆ ನಿಲ್ಲಿಸಿ, ಹೊಳೆಯುವ ಮುಖದಿಂದ 20 ಸೆಂಟಿಮೀಟರ್ ದೂರದಲ್ಲಿ ರಟ್ಟು ಇಡಿ. ರಟ್ಟಿನ ಸಣ್ಣ ತೂತಿನಿಂದ ಲೇಸರ್ ಹಾಯಿಸಿ. ಒಂದು ಮಿಲಿವ್ಯಾಟ್‌ಗಿಂತ ಕಡಿಮೆಯ ಲೇಸರ್ ಆಗಿರಲಿ. ಕಣ್ಣು ಕಿರಣದ ಮಟ್ಟದಲ್ಲಿ ಇರಲೇಬಾರದು, ಸಿಡಿಯಿಂದ ಮರಳುವ ಕಿರಣಕ್ಕೂ ಇದೇ ಎಚ್ಚರ. ನಡುವಿನ ಚುಕ್ಕೆ ಮರಳಿ ತೂತಿನಲ್ಲೇ ಬೀಳುವವರೆಗೆ ಸಿಡಿಯನ್ನು ತಿದ್ದಿ. ಇಲ್ಲದಿದ್ದರೆ ಎರಡು ಪಕ್ಕದ ಚುಕ್ಕೆಗಳ ದೂರ ಬೇರೆಬೇರೆ ಬರುತ್ತದೆ. ಸರಿಯಾಗಿ ನಿಂತಾಗ ತೂತಿನ ಎರಡೂ ಬದಿ ಸುಮಾರು 8.9 ಸೆಂಟಿಮೀಟರಿನಲ್ಲಿ ಚುಕ್ಕೆ ಮೂಡುತ್ತದೆ.

ಸಾಲುಗಳ ಅಂತರವನ್ನು ಚುಕ್ಕೆ ಓರೆಯಾದ ಕೋನದ ಸೈನ್‌ನಿಂದ ಗುಣಿಸಿದರೆ ಬೆಳಕಿನ ತರಂಗದೂರ ಸಿಗುತ್ತದೆ. ಇಲ್ಲಿಂದ ಮುಂದೆ ಅವಸರ ಬೇಡ. 8.9ನ್ನು ನೇರವಾಗಿ 20ರಿಂದ ಭಾಗಿಸುವವರೇ ಹೆಚ್ಚು. ಅದು ಟ್ಯಾನ್, ತರಂಗದೂರ 712 ಬರುತ್ತದೆ. ಬೇಕಾದದ್ದು ಸೈನ್. ಪೈಥಾಗೊರಸ್‌ನಿಂದ ಓರೆಗೆರೆ ತೆಗೆಯಿರಿ, 21.9. 8.9ನ್ನು ಅದರಿಂದ ಭಾಗಿಸಿ 1,600ರಿಂದ ಗುಣಿಸಿದರೆ 650. ಕೋನ ಕಿರಿದಾದಾಗ ಎರಡೂ ಒಂದೇ ಎಂಬ ಮಾತು 24 ಡಿಗ್ರಿಗೇ ಕೈಕೊಡುತ್ತದೆ.

ಸಿಡಿಯ ಬದಲು ಡಿವಿಡಿ ಇಟ್ಟರೆ ಸಾಲುಗಳ ಅಂತರ 740. ಚುಕ್ಕೆ 61 ಡಿಗ್ರಿಗೆ ಹಾರುತ್ತದೆ, ರಟ್ಟನ್ನು 10 ಸೆಂಟಿಮೀಟರಿಗೆ ತನ್ನಿ. ಇಲ್ಲಿ ಟ್ಯಾನ್ ಹಾಕಿದವರಿಗೆ 1,350 ದಾಟಿದ ಉತ್ತರ, ಅಂದರೆ ಕಣ್ಣಿಗೆ ಕಾಣದ ಅವಗೆಂಪು ಕಿರಣ. ಚುಕ್ಕೆ ಮಾತ್ರ ಎದುರಿಗೇ ಕೆಂಪಗೆ ಹೊಳೆಯುತ್ತಿರುತ್ತದೆ! ಇನ್ನು ಸಿಡಿಯಲ್ಲಿ 28 ಸೆಂಟಿಮೀಟರ್ ದೂರಕ್ಕೆ ಸಿಗುವ ಎರಡನೆಯ ಚುಕ್ಕೆಯನ್ನು ಡಿವಿಡಿಯಲ್ಲಿ ಹುಡುಕಬೇಡಿ. ಅದಕ್ಕೆ ಸೈನ್ ಬೆಲೆ ಒಂದನ್ನು ಮೀರಬೇಕು. ನಮಸ್ಕಾರ.