ಎಲೆ ಬಿಡಿ, ಬೇರು ನೋಡಿ

ಕೇಳುಗರಿಗೆ ನಮಸ್ಕಾರ. ನಮ್ಮ ಮಲೆನಾಡಿನಲ್ಲಿ ಈಗ ಆರ್ಕಿಡ್ ಇಲ್ಲದ ಜಗಲಿ ಕಡಿಮೆ. ಡೇರೆ ಗಿಡ, ಆಂಥೂರಿಯಂ ಸಾಲು ದಾಟಿದರೆ ಒಂದು ನೇರಳೆ ಡೆಂಡ್ರೋಬಿಯಂ ಆರ್ಕಿಡ್ ತೂಗಾಡುತ್ತಲೇ ಇರುತ್ತದೆ. ಆದರೆ ಹೂವು ಬಿಟ್ಟಿದೆ ಸರ್ ಅಂತ ಯಾರೂ ನನಗೆ ಫೋನ್ ಮಾಡುವುದಿಲ್ಲ. ಗಿಡ ಏಳ್ತಾನೇ ಇಲ್ಲ, ಎಲೆ ಸುಕ್ಕಾಗಿದೆ, ಬುಡ ಕಪ್ಪಾಯ್ತು, ಯಾವ ಔಷಧಿ ಹೊಡೀಲಿ? ಬರೀ ಇಂಥವೇ. ಅದಕ್ಕೇ ಇವತ್ತು ಸಿಕ್ಕಿರುವ ಈ ಹತ್ತು ನಿಮಿಷದಲ್ಲಿ ಒಂದೇ ಮಾತು ಹೇಳುತ್ತೇನೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಎಲೆ ಬಿಡಿ, ಬೇರು ನೋಡಿ.

ಆರ್ಕಿಡ್ ಅಂದರೆ ಯಾವುದೋ ಹೊರದೇಶದ ನಾಜೂಕು ಗಿಡ ಅಂದುಕೊಂಡಿದ್ದೀರಿ, ಅಲ್ವಾ? ಸೀತಾಳೆ ದಂಡೆ ನೋಡಿಲ್ಲವೇ? ಮಳೆ ಹಿಡಿಯುವ ಹೊತ್ತಿಗೆ ಹಲಸಿನ ಮರದಿಂದ ತಿಳಿಗೆಂಪು ಹೂವಿನ ದಂಡೆ ಇಳಿಬಿಡುತ್ತದಲ್ಲ, ಅದೂ ಆರ್ಕಿಡ್ಡೇ. ಒಂದು ಕಾಲಕ್ಕೆ ತೋಟದ ತುಂಬ ಹಬ್ಬಿಸಿ, ಬೆಳಗಾದರೆ ಕೈಯಾರೆ ಪರಾಗಸ್ಪರ್ಶ ಮಾಡಿ, ಬೆಲೆ ಬಿದ್ದ ಮೇಲೆ ಕಿತ್ತು ಎಸೆದ ವೆನಿಲ್ಲಾ? ಅದೂ ಆರ್ಕಿಡ್ಡೇ. ಈಗ ಸೀತಾಳೆಯ ಬೇರು ಎಲ್ಲಿದೆ ನೋಡಿ. ತೊಗಟೆಗೆ ಅಂಟಿಕೊಂಡಿದೆ, ಇನ್ನರ್ಧ ಗಾಳಿಯಲ್ಲಿ ನೇತಾಡುತ್ತಿದೆ. ಹಿಡಿ ಮಣ್ಣೂ ಇಲ್ಲ. ಮರದ ರಸ ಹೀರುತ್ತದೆ ಅಂತ ತಿಳಿದು ಬಂದಳಿಕೆ ಜೊತೆಗೆ ಇದನ್ನೂ ಕೆರೆದು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಅದು ಮರದಿಂದ ಏನನ್ನೂ ಕದಿಯುವುದಿಲ್ಲ, ಕೂರಲು ಜಾಗ ಕೇಳುತ್ತದೆ ಅಷ್ಟೇ.

ಆ ಬೇರಿನ ಸುತ್ತ ದಪ್ಪನೆಯ ಬಿಳಿ ಪದರ ಇರುತ್ತದೆ. ಜೀವ ಹೋದ ಖಾಲಿ ಕೋಶಗಳು. ಸ್ಪಂಜಿನ ಹಾಗೆ ನೀರು ಹೀರುತ್ತವೆ. ಒಣಗಿದಾಗ ಬೆಳ್ಳಿ ಬಣ್ಣ. ನೀರು ಬಿದ್ದ ಸ್ವಲ್ಪ ಹೊತ್ತಿಗೆ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಅಂದರೆ ನೀರು ಬೇಕೋ ಬೇಡವೋ ಅಂತ ಗಿಡವೇ ಹೇಳುತ್ತಿದೆ. ಬೇರು ಹಸಿರಿದ್ದರೆ ಸುಮ್ನಿರಿ. ಬೆಳ್ಳಗಾದರೆ ಬೆಳಿಗ್ಗೆ ಹೊತ್ತು ಚೆನ್ನಾಗಿ ನೀರು ಹಾಕಿ, ಪೂರ್ತಿ ಬಸಿದುಹೋಗಲಿ. ಎಷ್ಟು ದಿನಕ್ಕೊಮ್ಮೆ ನೀರು ಅಂತ ಮಾತ್ರ ನನ್ನನ್ನು ಕೇಳಬೇಡಿ. ಆಗುಂಬೆಯ ಜುಲೈಗೂ ಬಳ್ಳಾರಿಯ ಏಪ್ರಿಲ್‌ಗೂ ಒಂದೇ ಲೆಕ್ಕ ಹೇಗಾಗುತ್ತದೆ? ಬೇರು ನೋಡಿ.

ಕುಂಡಕ್ಕೆ ಏನು ತುಂಬಬೇಕು? ಮಣ್ಣು ಬೇಡ. ಕೊಟ್ಟಿಗೆ ಗೊಬ್ಬರ ಬೇಡ. ಮರಳೂ ಬೇಡ. ಇದ್ದಿಲು, ಒಡೆದ ಮಂಗಳೂರು ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು, ಇಷ್ಟು ಸಾಕು. ಮೂರೂ ಹಿತ್ತಲಲ್ಲೇ ಬಿದ್ದಿರುತ್ತವೆ, ದುಡ್ಡು ಕೊಡುವುದು ಯಾಕೆ? ಸಿಪ್ಪೆಯನ್ನು ಕೆಲವು ದಿನ ನೀರಲ್ಲಿ ನೆನೆಸಿ, ಕಂದು ನೀರನ್ನು ಚೆಲ್ಲುತ್ತಾ ಇರಿ. ನಮ್ಮ ಕಡೆ ಮಳೆ ಜಾಸ್ತಿ, ಹಾಗಾಗಿ ಸಿಪ್ಪೆ ಕಡಿಮೆ, ಹೆಂಚು ಜಾಸ್ತಿ. ಬಯಲುಸೀಮೆಯವರು ಅದನ್ನೇ ತಿರುವು ಮುರುವು ಮಾಡಿ. ಕುಂಡದ ಪಕ್ಕದಲ್ಲೂ ತೂತಿರಬೇಕು. ಬೇರಿಗೆ ಗಾಳಿ ಬೇಕು, ಅದಕ್ಕೆ.

ತೀರ್ಥಹಳ್ಳಿ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರ ಕಥೆ ಹೇಳಲೇಬೇಕು. ಮಗ ಬೆಂಗಳೂರಿನಿಂದ ಬರುವಾಗ ಒಂದು ಬಿಳಿ ಫಲನಾಪ್ಸಿಸ್ ತಂದುಕೊಟ್ಟಿದ್ದ. ಚಿಟ್ಟೆಯಾಕಾರದ ಹೂವು, ಅಗಲ ಎಲೆ, ನೋಡಿರುತ್ತೀರಿ. ಹೂವು ಉದುರಿದ ಮೇಲೆ ಗಿಡ ಸೊರಗತೊಡಗಿತು. ಮೇಷ್ಟ್ರು ಫಲಪುಷ್ಪ ಪ್ರದರ್ಶನಕ್ಕೆ ಬಂದರು, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಎಲೆ ಹಿಡಿದುಕೊಂಡು. ಜೊತೆಗೆ ಒಂದು ನೋಟ್‌ಬುಕ್. ಯಾವ ತಾರೀಕಿಗೆ ಯಾವ ಗೊಬ್ಬರ, ಯಾವ ಔಷಧಿ, ಎಷ್ಟು ಮಿಲಿ, ಎಲ್ಲ ದುಂಡಗಿನ ಅಕ್ಷರದಲ್ಲಿ. ನಾನು, "ಮೇಷ್ಟ್ರೇ, ಎಲೆ ಬೇಡ, ಕುಂಡದ ಸಮೇತ ಗಿಡ ತನ್ನಿ" ಅಂದೆ. "ರೋಗ ಬಂದಿರೋದು ಎಲೆಗೆ ಅಲ್ವಾ ಸರ್, ಕುಂಡ ಯಾಕೆ?" ಅಂದರು. ಮುಂದಿನ ಸಲವೂ ಎಲೆಯನ್ನೇ ತಂದರು! ಇನ್ನೂ ದೊಡ್ಡ ಕವರಿನಲ್ಲಿ.

ಕೊನೆಗೆ ಆ ಕಡೆ ಹೋದಾಗ ನಾನೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಗಿಡ. ಎಲೆ ಜೋತುಬಿದ್ದು ಸುಕ್ಕಾಗಿತ್ತು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪಟ್ಟಿ, ಹಾಕಿದ ಗೊಬ್ಬರದ್ದು. ಬೆರಳಿಟ್ಟು ನೋಡಿದೆ, ಮೇಲಿನ ಇದ್ದಿಲು ಖಣಖಣ ಒಣಗಿತ್ತು. "ನೋಡಿ, ಒಣಗಿದೆ, ಎಲೆ ಬೇರೆ ಬಾಡಿದೆ, ಅದಕ್ಕೇ ದಿನಾ ನೀರು ಹಾಕ್ತೀನಿ" ಅಂದರು ಮೇಷ್ಟ್ರು. ನಾನು ಕೇಳದೆಯೇ ಗಿಡ ಎಳೆದುಬಿಟ್ಟೆ. ಅವರಿಗೆ ಎದೆ ಹಾರಿರಬೇಕು. ಇದ್ದಿಲೆಲ್ಲ ಉದುರಿದ ಮೇಲೆ ಬುಡದಲ್ಲಿ ಮುಷ್ಟಿಗಾತ್ರದ ಪಾಚಿ ಉಂಡೆ. ನರ್ಸರಿಯವರು ಸಸಿ ಇರುವಾಗ ಸುತ್ತಿದ್ದು, ಹಾಗೇ ಉಳಿದಿತ್ತು. ಹಿಂಡಿದರೆ ನೀರು ನನ್ನ ಮುಂಗೈವರೆಗೆ ಇಳಿಯಿತು. ಪಾಚಿ ಬಿಡಿಸಿದರೆ ಒಳಗೆ ಇನ್ನೊಂದು ಪುಟ್ಟ ಪ್ಲಾಸ್ಟಿಕ್ ಬುಟ್ಟಿ. ಅದರೊಳಗಿನ ಬೇರು ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂತು, ಒಳಗೆ ಬರೀ ನಾರು. ಅಷ್ಟೂ ಕೊಳೆತಿದ್ದವು. ಕುಂಡದ ಪಕ್ಕದ ತೂತಿನಿಂದ ಹೊರಗೆ ತಪ್ಪಿಸಿಕೊಂಡಿದ್ದ ಎರಡು ಬೇರು ಮಾತ್ರ ಗಟ್ಟಿಯಾಗಿ ಬೆಳ್ಳಗಿದ್ದವು.

ಗಿಡಕ್ಕೆ ಬಾಯಾರಿಕೆ ಆಗಿದ್ದು ನಿಜ. ಆದರೆ ಕುಡಿಯಲು ಬೇರೇ ಇಲ್ಲ. ಎಲೆ ಬಾಡಿತು ಅಂತ ನೀರು, ನೀರು ಜಾಸ್ತಿಯಾಗಿ ಇದ್ದ ಬೇರೂ ಕೊಳೆತು, ಮತ್ತೆ ಎಲೆ ಬಾಡಿತು ಅಂತ ಮತ್ತೂ ನೀರು. ಇದನ್ನು ಎಲೆ ನೋಡಿ ಪತ್ತೆ ಮಾಡಲು ಆಗುತ್ತದೆಯೇ ನೀವೇ ಹೇಳಿ.

ಅಷ್ಟರಲ್ಲಿ ಕಾಫಿ ತಂದ ಅವರ ಮನೆಯವರು, "ನಾನು ಆವತ್ತೇ ಬಿಚ್ಚಿ ನೋಡಿ ಅಂದಿದ್ದೆ" ಅಂದರು. ಆಮೇಲೆ ನನ್ನನ್ನು ಅಂಗಳದ ಸಂಪಿಗೆ ಮರದ ಹತ್ತಿರ ಕರೆದುಕೊಂಡು ಹೋದರು. ಜಗಲಿಯ ಡೆಂಡ್ರೋಬಿಯಂ ಕಾಂಡದ ಮೇಲೆ ಹುಟ್ಟಿದ ಒಂದು ಮರಿಯನ್ನು ಆ ಅಕ್ಕ ಹಳೆ ಸೀರೆಯ ಅಂಚಿನಿಂದ ಮರಕ್ಕೆ ಕಟ್ಟಿ ಬಿಟ್ಟಿದ್ದರು. ಗೊಬ್ಬರ ಇಲ್ಲ, ಔಷಧಿ ಇಲ್ಲ, ನೋಟ್‌ಬುಕ್ ಇಲ್ಲ. ಬೇರು ತೊಗಟೆ ತುಂಬ ಹರಡಿತ್ತು, ಎರಡು ಕದಿರು ಹೂವು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಇದು ಕಾಡು ಜಾತಿ ಇರಬೇಕು" ಅಂದರು. ಕಾಡಿನದಲ್ಲ ಸ್ವಾಮಿ, ಸೋನಿಯಾ, ಎಲ್ಲ ನರ್ಸರಿಯಲ್ಲೂ ಸಿಗುವ ಅದೇ ನೇರಳೆ ತಳಿ!

ಮೇಷ್ಟ್ರ ಗಿಡಕ್ಕೆ ಮಾಡಿದ್ದು ಇಷ್ಟು. ಬೆಂಕಿಯಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಕೊಳೆತದ್ದೆಲ್ಲ ಕತ್ತರಿಸಿದೆ. ಕತ್ತರಿಸಿದ ತುದಿಗೆ ಮಾತ್ರ ದಾಲ್ಚಿನ್ನಿ ಪುಡಿ ಮುಟ್ಟಿಸಿದೆ. ಒಳ್ಳೆ ಬೇರಿಗೆ ಅದನ್ನು ಬಳಿಯಬೇಡಿ, ಒಣಗಿಸಿಬಿಡುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು, ಬರೀ ಇದ್ದಿಲಿನಲ್ಲಿ ಕೂರಿಸಿ, ಹೊಸ ಬೇರು ಬರುವ ತನಕ ಗೊಬ್ಬರ ಬಂದ್. ಗಿಡ ಬದುಕಿತು. ನೋಟ್‌ಬುಕ್ ಈಗಲೂ ಇದೆಯಂತೆ.

ಕಥೆ ಉದ್ದ ಆಯ್ತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಗಿಡ ಏಳುತ್ತಿಲ್ಲ ಅನ್ನುವವರಿಗೆ. ಫಲನಾಪ್ಸಿಸ್ ವರ್ಷಕ್ಕೆ ಎರಡು ಮೂರು ಎಲೆ ಬಿಟ್ಟರೆ ಅದು ಚೆನ್ನಾಗಿಯೇ ಇದೆ. ಬದನೆ ಸಸಿ ಅಲ್ಲ ಅದು. ಡೆಂಡ್ರೋಬಿಯಂ ಆದರೆ ಕಾಂಡ ಅಳೆಯಿರಿ. ಹೊಸ ಕಾಂಡ ಹಳೆಯದಕ್ಕಿಂತ ಎತ್ತರ ಬಂದರೆ ಆರೋಗ್ಯ. ಗಿಡ್ಡ ಆಗುತ್ತಾ ಬಂದರೆ ಬೇರು ಕೆಟ್ಟಿದೆ, ಇಲ್ಲವೇ ಬೆಳಕು ಸಾಲದು. ಎಲೆ ಕಡು ಹಸಿರು ಇದ್ದರೆ ಚೆಂದ ಅಂದುಕೊಳ್ಳಬೇಡಿ, ಅದು ನೆರಳು ಹೆಚ್ಚಾದ ಗುರುತು. ಡೆಂಡ್ರೋಬಿಯಂಗೆ 50 ಪರ್ಸೆಂಟ್ ನೆರಳು ಪರದೆ, ಫಲನಾಪ್ಸಿಸ್‌ಗೆ 75. ಸಿಪ್ಪೆ ಕೊಳೆತು ಪುಡಿಯಾದರೆ ಕುಂಡ ಬದಲಿಸಿ, ಹೊಸ ಬೇರಿನ ತುದಿ ಹೊರಡುವ ಹೊತ್ತಿಗೆ. ಗೊಬ್ಬರ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19, ವಾರಕ್ಕೊಮ್ಮೆ, ಲೀಟರಿಗೆ 1 ಗ್ರಾಂ, ಜಾಸ್ತಿ ಬೇಡವೇ ಬೇಡ. ನಡುನಡುವೆ ಬರೀ ನೀರು ಹರಿಸಿ ಕುಂಡ ತೊಳೆಯಿರಿ.

ಮಳೆಗಾಲದ ರೋಗ. ಎಳೆ ಮೊಳಕೆ ಕಪ್ಪಾಗಿ, ಎಲೆ ಮುಟ್ಟಿದರೆ ಉದುರುತ್ತದೆ, ನೋಡನೋಡುತ್ತ ಬುಡಕ್ಕೆ ಇಳಿಯುತ್ತದೆ. ಇದು ಕಪ್ಪು ಕೊಳೆ. ನಿಮ್ಮ ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ಕುಲವೇ ಇಲ್ಲಿಯೂ ಕಳ್ಳ. ಹಾಗಂತ ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣ ತಂದು ಸುರಿಯಬೇಡಿ, ಅದರಲ್ಲಿ ತಾಮ್ರ ಇದೆ, ಡೆಂಡ್ರೋಬಿಯಂಗೆ ತಾಮ್ರ ಒಗ್ಗುವುದಿಲ್ಲ. ಕಪ್ಪಾದ ಭಾಗದಿಂದ ಕೆಳಗೆ, ಒಳ್ಳೆ ಭಾಗ ಸಿಗುವವರೆಗೆ ಕತ್ತರಿಸಿ. ಗಿಡ ಬೇರೆ ಇಡಿ. ಮೆಟಲಾಕ್ಸಿಲ್, ಮ್ಯಾಂಕೋಜೆಬ್ ಎರಡೂ ಸೇರಿದ ಪುಡಿ ಲೀಟರಿಗೆ 2 ಗ್ರಾಂ ಸಿಂಪಡಿಸಿ. ಎಲೆ ನೀರು ನೀರಾಗಿ ನಾರುತ್ತಿದ್ದರೆ ಅದು ಬ್ಯಾಕ್ಟೀರಿಯಾ. ಕತ್ತರಿಸಿ, ಒಣಗಲು ಬಿಡಿ. ಜೂನ್‌ನಿಂದ ಗಿಡಗಳನ್ನು ಒಳಗೆ ತನ್ನಿ, ಆದರೆ ಸೂರಿನ ನೀರು ತೊಟ್ಟಿಕ್ಕುವ ಜಾಗದಲ್ಲಿ ಇಡಬೇಡಿ.

ಹಿಟ್ಟು ತಿಗಣೆ ಬಂದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ. ಬೇರಿನ ತುದಿ ಮೊಂಡಾಗಿದ್ದರೆ ರಾತ್ರಿ ಟಾರ್ಚ್ ಹಿಡಿದು ನೋಡಿ, ಬಸವನ ಹುಳು ಸಿಗುತ್ತದೆ. ಎಲೆಯಲ್ಲಿ ಹಳದಿ, ಕಪ್ಪು ಗೀರು ಹೊಸ ಎಲೆಗೂ ಬರುತ್ತಿದ್ದರೆ ವೈರಸ್. ಮದ್ದಿಲ್ಲ, ಸುಟ್ಟುಹಾಕಿ. ಒಂದೇ ಕತ್ತರಿಯಿಂದ ಊರಿನ ಗಿಡ ಎಲ್ಲ ಕತ್ತರಿಸುವುದರಿಂದಲೇ ಅದು ಹೆಚ್ಚಾಗಿ ಹರಡುವುದು.

ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ದಾಸ್ತಾನಿಲ್ಲ, ಕಾಡಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕರಷ್ಟೇ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನುಡ್ಸನ್ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಶಿಲೀಂಧ್ರ ಇಲ್ಲದೆಯೇ ಬೀಜ ಮೊಳೆಸಿ ತೋರಿಸಿದರು. ಅಲ್ಲಿಂದ ಮುಂದೆ ಸಸಿಗಳು ಬಾಟಲಿಯಲ್ಲಿ ಬೆಳೆಯತೊಡಗಿದವು, ನಿಮ್ಮೂರಿನ ನರ್ಸರಿಗೂ ಬಂದವು. ಅಲ್ಲಿಂದಲೇ ಕೊಳ್ಳಿ. ಕೊಳ್ಳುವಾಗ ಹೂವಿನ ಕದಿರು ನೋಡಿ ಮರುಳಾಗಬೇಡಿ. ಕುಂಡ ಎತ್ತಿ, ಕೆಳಗಿನ ತೂತಿನಲ್ಲಿ ಬೇರು ಗಟ್ಟಿಯಾಗಿದೆಯೇ ಒತ್ತಿ ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ ಬಿಡಿ. ನಮಸ್ಕಾರ.